ಬಸ್ಸಿಲ್ಲ ಅಂತ ಕನ್ನಡದಲ್ಲಿ ಹೇಳಲು ಇಷ್ಟೇಕೆ ತಿಣುಕಾಟ?

ಕನ್ನಡದ ತರುಣರೇ, ತರುಣಿಯರೇ,

2017ರಲ್ಲಿ ಬೆಂಗಳೂರಿನ ಮೆಟ್ರೋ ನಿಲ್ದಾಣಗಳಲ್ಲಿ ಹಿಂದಿ ಫಲಕ ಕಂಡಾಗ ನೀವು ಸುಮ್ಮನೆ ಕೂರಲಿಲ್ಲ. ಕೂಗಿದಿರಿ, ಬರೆದಿರಿ, ಬೀದಿಗಿಳಿದಿರಿ. ಆ ಅಕ್ಷರಗಳು ಕೆಳಗಿಳಿದವು. ಅಂಗಡಿಯ ಬೋರ್ಡಿನಲ್ಲಿ ಶೇಕಡ 60 ಭಾಗ ಕನ್ನಡವೇ ಇರಬೇಕೆಂದು 2024ರಲ್ಲಿ ಕಾನೂನೂ ಬಂತು. ಒಳ್ಳೆಯದಾಯಿತು.

ಆದರೆ ಒಂದು ಮಾತು ಕೇಳಿ. ನೀವು ಗೋಡೆಯ ಮೇಲಿನ ಬೋರ್ಡಿಗಾಗಿ ಹೋರಾಡುತ್ತಿರುವ ಹೊತ್ತಿನಲ್ಲೇ ಬೋರ್ಡು ಗೋಡೆ ಬಿಟ್ಟು ನಿಮ್ಮ ಜೇಬಿಗೆ ಬಂದು ಕೂತಿದೆ. ಬಸ್ಸು ಎಲ್ಲಿದೆ, ಎಷ್ಟು ಹೊತ್ತಿಗೆ ಬರುತ್ತದೆ, ಇವತ್ತು ಬರುತ್ತದೋ ಇಲ್ಲವೋ, ಎಲ್ಲವನ್ನೂ ಈಗ ಫೋನಿನ ಆ್ಯಪ್ ಹೇಳಬೇಕು. 2023ರಲ್ಲಿ 'ನಮ್ಮ ಬಿಎಂಟಿಸಿ' ಆ್ಯಪ್ ಬಂದ ಮೇಲೆ ಬೆಂಗಳೂರಿನ ನಿಮಗೆ ಇದು ದಿನದ ಮಾತು. ನಾಳೆ ನಮ್ಮ ಸಣ್ಣ ಊರುಗಳಿಗೂ ಅದೇ ಗತಿ. ಆ ಫೋನಿನ ಮೇಲೆ 'ಟಣ್' ಅಂತ ಬೀಳುವ ಎರಡು ಸಾಲು ಯಾವ ಭಾಷೆಯಲ್ಲಿದೆ? ಕನ್ನಡದಲ್ಲಿದ್ದರೂ ಅದು ಎಂಥ ಕನ್ನಡ? ಅದನ್ನು ಕೇಳುವವರು ಯಾರು?

ನಾನು ಪ್ರೆಸ್ಸು ನಡೆಸುವವನು. ಪಿಯುಸಿ ಓದಿದ್ದೇನೆ, ಅಷ್ಟೇ. ಭಾಷಾ ಪಂಡಿತನಲ್ಲ, ಕಂಪ್ಯೂಟರ್ ಇಂಜಿನಿಯರ್ರೂ ಅಲ್ಲ. ಆದರೆ ಮದುವೆ ಕಾರ್ಡು, ಜಾತ್ರೆಯ ಹ್ಯಾಂಡ್‌ಬಿಲ್ಲು, ರಸೀದಿ ಪುಸ್ತಕ ಅಚ್ಚು ಹಾಕುತ್ತಾ ಒಂದು ವಿದ್ಯೆ ಕಲಿತಿದ್ದೇನೆ. ಸಣ್ಣ ಜಾಗದಲ್ಲಿ, ಅವಸರದಲ್ಲಿ ಓದುವವನಿಗೆ, ಬೇಕಾದ ಮಾತು ಮೊದಲು ಕಾಣಬೇಕು. ಆ ವಿದ್ಯೆಯ ಬಲದ ಮೇಲೆ ಹೇಳುತ್ತೇನೆ: ಕನ್ನಡ ಲಿಪಿಯಲ್ಲಿ ಇದ್ದ ಮಾತ್ರಕ್ಕೆ ಅದು ಕನ್ನಡದ ಸೂಚನೆ ಆಗುವುದಿಲ್ಲ. ಓದಿದವನಿಗೆ ತಿಳಿದಾಗ ಮಾತ್ರ ಆಗುತ್ತದೆ.

ಮೂರು ತಾಲ್ಲೂಕು, ಒಂದು ಭೀಮೆ, ಒಂದು ಗಡಿ

ಬೆಂಗಳೂರಿನಲ್ಲಿ ಒಂದು ಬಸ್ಸು ತಪ್ಪಿದರೆ ಇನ್ನೊಂದು ಬರುತ್ತದೆ. ಮೆಟ್ರೋ ಇದೆ, ಆಟೋ ಇದೆ. ನಮ್ಮ ಕಡೆ ಬನ್ನಿ. ಆಳಂದ, ಅಫಜಲಪುರ, ಜೇವರ್ಗಿ: ಈ ಮೂರೂ ಪಟ್ಟಣಗಳಲ್ಲಿ ರೈಲು ನಿಲ್ದಾಣವೇ ಇಲ್ಲ. ಕಾಲೇಜಿಗೂ ಬಸ್ಸು, ಕೋರ್ಟಿಗೂ ಬಸ್ಸು, ಕಲಬುರಗಿಯ ದೊಡ್ಡ ದವಾಖಾನೆಗೂ ಬಸ್ಸು. 2000ದಲ್ಲಿ ಈಶಾನ್ಯ ಸಾರಿಗೆ ಎಂದು ಹುಟ್ಟಿ ಈಗ ಕಲ್ಯಾಣ ಕರ್ನಾಟಕ ಸಾರಿಗೆ ಆಗಿರುವ ಸಂಸ್ಥೆಯ ಬಸ್ಸೇ ನಮ್ಮ ಕೈಕಾಲು.

ಆ ಕೈಕಾಲು ಯಾವಾಗ ನಿಲ್ಲುತ್ತದೆ? ಮೂರು ಹೊತ್ತಿನಲ್ಲಿ.

ಒಂದು, ಭೀಮೆ ಉಕ್ಕಿದಾಗ. 2020ರ ಅಕ್ಟೋಬರಿನಲ್ಲಿ ಉಕ್ಕಿದಳು, 2025ರ ಸೆಪ್ಟೆಂಬರಿನಲ್ಲಿ ಮತ್ತೆ ಉಕ್ಕಿದಳು. ಅಫಜಲಪುರ ತಾಲ್ಲೂಕಿನ ಗಾಣಗಾಪುರ, ಘತ್ತರಗಿ ಎರಡೂ ಹೊಳೆದಂಡೆಯ ಕ್ಷೇತ್ರಗಳು. ಹೊಳೆ ಏರಿದರೆ ಮೊದಲು ಮುಳುಗುವುದು ಅಲ್ಲಿನ ಸೇತುವೆಗಳು. ಜೇವರ್ಗಿಯಿಂದ ಕಲಬುರಗಿಗೆ ಹೋಗಲು ಕಟ್ಟಿಸಂಗಾವಿ ಸೇತುವೆ ದಾಟಬೇಕು. ಅದಕ್ಕೆ ನೀರು ಬಂದರೆ ಹೆದ್ದಾರಿಯೇ ಕತ್ತರಿಸಿದಂತೆ.

ಎರಡು, ಗಡಿಯಲ್ಲಿ ಗಲಾಟೆ ಆದಾಗ. 2025ರ ಫೆಬ್ರುವರಿಯಲ್ಲಿ ಬೆಳಗಾವಿ ತಾಲ್ಲೂಕಿನಲ್ಲಿ ಮರಾಠಿ ಮಾತಾಡಲಿಲ್ಲವೆಂದು ಕಂಡಕ್ಟರ್ ಒಬ್ಬರ ಮೇಲೆ ಹಲ್ಲೆಯಾಯಿತು ಎಂಬ ದೂರಿನಿಂದ ಶುರುವಾದ ಬೆಂಕಿ ಚಿತ್ರದುರ್ಗದವರೆಗೆ ಹೋಯಿತು. ಮಹಾರಾಷ್ಟ್ರದ ಸಾರಿಗೆ ಮಂತ್ರಿ ಕರ್ನಾಟಕಕ್ಕೆ ಬರುವ ತಮ್ಮ ಬಸ್ಸುಗಳನ್ನು ನಿಲ್ಲಿಸಲು ಹೇಳಿದರು. ಆಳಂದದವನಿಗೆ ಉಮರ್ಗಾ, ಅಫಜಲಪುರದವನಿಗೆ ಅಕ್ಕಲಕೋಟೆ ಪಕ್ಕದ ಮನೆ ಇದ್ದಂತೆ. ಸೊಲ್ಲಾಪುರದ ದವಾಖಾನೆಗೆ, ಬೀಗರ ಮನೆಗೆ, ಸಂತೆಗೆ ಹೋಗುವವನು ಇಂಥ ದಿನ ಯಾರನ್ನು ಕೇಳಬೇಕು?

ಮೂರು, ಮುಷ್ಕರ. 2021ರ ಏಪ್ರಿಲಿನಲ್ಲಿ ಸಾರಿಗೆ ನೌಕರರು ಎರಡು ವಾರದ ಹತ್ತಿರ ಬಸ್ಸು ನಿಲ್ಲಿಸಿದರು. 2025ರ ಆಗಸ್ಟ್ 5ರಂದು ಮತ್ತೆ ನಿಲ್ಲಿಸಿದರು. ಹಿಂದಿನ ದಿನ ಹೈಕೋರ್ಟು ಮುಂದೂಡಿ ಎಂದಿತ್ತು. ಬೆಳಿಗ್ಗೆ ಬಸ್ಸು ಇದೆಯೋ ಇಲ್ಲವೋ ಎಂದು ರಾತ್ರಿಯೆಲ್ಲಾ ಗೊಂದಲ. ನೌಕರರ ಬೇಡಿಕೆ ನ್ಯಾಯದ್ದೇ ಇರಲಿ, ಅದು ಬೇರೆ ಮಾತು. ಪ್ರಯಾಣಿಕನಿಗೆ ಬೇಕಾದದ್ದು ಒಂದೇ ಉತ್ತರ: ನಾಳೆ ಬಸ್ಸು ಅದನೋ, ಇಲ್ಲೋ?

ಇದ್ಯಾವ ಸೀಮೆ ಕನ್ನಡ?

ಇಂಥ ದಿನಗಳಲ್ಲಿ ಬರುವ ಸೂಚನೆಗಳ ಧಾಟಿ ನಿಮಗೆ ಗೊತ್ತೇ ಇದೆ. ಮಾದರಿಗೆ ನಾನೇ ಒಂದು ಜೋಡಿಸಿದ್ದೇನೆ, ಓದಿ:

"ಪ್ರಿಯ ಪ್ರಯಾಣಿಕರೇ, ಅನಿವಾರ್ಯ ಕಾರಣಗಳಿಂದಾಗಿ ಕೆಳಕಂಡ ಮಾರ್ಗಗಳಲ್ಲಿ ಸಾರಿಗೆ ಕಾರ್ಯಾಚರಣೆಯನ್ನು ಮುಂದಿನ ಆದೇಶದವರೆಗೆ ತಾತ್ಕಾಲಿಕವಾಗಿ ಸ್ಥಗಿತಗೊಳಿಸಲಾಗಿದೆ. ಉಂಟಾದ ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ."

ಮೂಗಿಗಿಂತ ಮೂಗುತಿ ಭಾರ! ಇಂಗ್ಲಿಷಿನಲ್ಲಿ ಯೋಚಿಸಿ, ನಿಘಂಟು ಹಿಡಿದು ಕನ್ನಡಕ್ಕೆ ಇಳಿಸಿದ ಮಾತಿದು. ಯಾವ ಬಸ್ಸು? ಗೊತ್ತಿಲ್ಲ. ಯಾಕೆ ನಿಂತಿತು? ಗೊತ್ತಿಲ್ಲ. ಎಲ್ಲಿಯವರೆಗೆ? ಗೊತ್ತಿಲ್ಲ. ನಾನೀಗ ಏನು ಮಾಡಲಿ? ಅದಂತೂ ಗೊತ್ತೇ ಇಲ್ಲ. ಗೊತ್ತಾಗುವುದು ಒಂದೇ, ಯಾರೋ ವಿಷಾದಿಸುತ್ತಿದ್ದಾರೆ! ಮಳೆಯಲ್ಲಿ ಮಗುವನ್ನು ಎತ್ತಿಕೊಂಡು ನಿಂತ ತಾಯಿಗೆ ನಿಮ್ಮ ವಿಷಾದ ಕಟ್ಟಿಕೊಂಡು ಆಗಬೇಕಾದ್ದೇನು?

ಈಗ ಅಚ್ಚಿನವನ ಲೆಕ್ಕಕ್ಕೆ ಬನ್ನಿ. ಮೊಳೆ ಜೋಡಿಸುವ ಕಾಲದಲ್ಲಿ ಒಂದೊಂದು ಒತ್ತಕ್ಷರಕ್ಕೂ ಬೇರೆ ಮೊಳೆ ಬೇಕಿತ್ತು. ಫೋನಿನ ಸಂದೇಶದಲ್ಲೂ ಹೆಚ್ಚುಕಡಿಮೆ ಅದೇ ಲೆಕ್ಕ. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷ್ ಆದರೆ 160 ಅಕ್ಷರ ಹಿಡಿಸುತ್ತದೆ, ಕನ್ನಡ ಆದರೆ ಬರೇ 70. ಆ 70ರಲ್ಲೂ ಕಾಗುಣಿತದ ಗುರುತು ಬೇರೆ ಎಣಿಕೆ, ಒತ್ತು ಬೇರೆ ಎಣಿಕೆ. 'ಸ್ತ್ರೀ' ಎಂಬುದು ಕಣ್ಣಿಗೆ ಒಂದೇ ಅಕ್ಷರ, ಲೆಕ್ಕಕ್ಕೆ ಆರು! 70 ದಾಟಿದರೆ ಎರಡನೆಯ ಸಂದೇಶದ ದುಡ್ಡು.

ಮೇಲಿನ ಮಹಾಪತ್ರವನ್ನು ಹಾಗೆ ಎಣಿಸಿದೆ. 70 ತುಂಬುವ ಹೊತ್ತಿಗೆ ನಾವಿನ್ನೂ 'ಕಾರ್ಯಾಚರಣೆ' ಎಂಬ ಪದದ ನಡುವೆ ಇದ್ದೇವೆ. ಬಸ್ಸು ನಿಂತಿದೆ ಎಂಬ ಸುದ್ದಿ ಇನ್ನೂ ಬಂದೇ ಇಲ್ಲ.

ಆ್ಯಪಿನ ಸೂಚನೆಗೆ ಈ 70ರ ಕಟ್ಟು ಇಲ್ಲ, ನಿಜ. ಆದರೆ ಅಲ್ಲಿ ಇನ್ನೊಂದು ಕತ್ತರಿ ಇದೆ. ಮುಚ್ಚಿದ ಫೋನಿನ ಪರದೆಯ ಮೇಲೆ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ, ಉಳಿದದ್ದು ಮೂರು ಚುಕ್ಕಿ. ಇಲ್ಲೇ ನಮ್ಮ ಭಾಷೆಯ ಗುಣ ತಿಳಿದಿರಬೇಕು. ಕನ್ನಡದಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. ಇಂಗ್ಲಿಷಿನವನು 'ರದ್ದು' ಎಂಬುದನ್ನು ಮೊದಲೇ ಉಸುರಿಬಿಡುತ್ತಾನೆ. ಅದನ್ನೇ ಉದ್ದ ವಾಕ್ಯವಾಗಿ ಕನ್ನಡಕ್ಕೆ ತಂದರೆ ಮುಖ್ಯ ಮಾತೇ ಕತ್ತರಿಗೆ ಸಿಗುತ್ತದೆ. "ಜೇವರ್ಗಿ ಬಸ್ಸು ಸಂಚರಿಸುವು..." ಅಂತ ಫೋನು ನಿಲ್ಲಿಸಿತು ಅನ್ನಿ. ಮುಂದೆ 'ದು' ಇದೆಯೋ, 'ದಿಲ್ಲ' ಇದೆಯೋ? ಆ ಎರಡಕ್ಷರದ ಮೇಲೆ ಒಬ್ಬನ ಪರೀಕ್ಷೆ, ಒಬ್ಬಳ ಹೆರಿಗೆ ನಿಂತಿರುತ್ತದೆ.

ಹಾಗಾದರೆ ಬರೆಯುವುದು ಹೇಗೆ? ಜಾತ್ರೆಯ ಹ್ಯಾಂಡ್‌ಬಿಲ್ಲಿನ ಹಾಗೆ. ದಪ್ಪ ಅಕ್ಷರದ್ದು ಮೇಲೆ:

"ಬಸ್ ಬಂದ್: ಜೇವರ್ಗಿ–ಕಲಬುರಗಿ. ಕಟ್ಟಿಸಂಗಾವಿ ಸೇತುವೆಗೆ ನೀರು. ಸೋಮವಾರ ಪೂರ್ತಿ."

ಎಣಿಸಿ ನೋಡಿ. ಚುಕ್ಕಿ, ಗೆರೆ, ಖಾಲಿ ಜಾಗ ಎಲ್ಲಾ ಸೇರಿ 68. ಒಂದೇ ಸಂದೇಶದಲ್ಲಿ ಹಿಡಿಸಿತು. ಏನಾಯಿತು, ಎಲ್ಲಿ, ಯಾಕೆ, ಎಷ್ಟು ದಿನ, ಎಲ್ಲಾ ಬಂತು. ಆ್ಯಪ್ ಆದರೆ ಕೆಳಗೆ ಇನ್ನೆರಡು ಸಾಲು ಹಾಕಿ: ಸುತ್ತು ದಾರಿಯ ಬಸ್ಸು ಯಾವುದು, ಎಲ್ಲಿಂದ ಹೊರಡುತ್ತದೆ, ಕಾದಿರಿಸಿದ ಟಿಕೆಟ್ಟಿನ ದುಡ್ಡು ಹೇಗೆ ವಾಪಸ್ಸು, ಮುಂದಿನ ಸುದ್ದಿ ಎಷ್ಟು ಗಂಟೆಗೆ.

ಬಂದ್, ಚಾಲೂ, ತಾಸು

ಕೆಲವರು ಮೂಗು ಮುರಿಯುತ್ತಾರೆ: "ಬಂದ್ ಕನ್ನಡವೇ? ಅದು ಪಾರ್ಸಿಯಿಂದ ಬಂದದ್ದಲ್ಲವೇ?" ಸ್ವಾಮಿ, ನಮ್ಮ ಸೀಮೆ 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆ ಉರ್ದು. ಆ ಉರ್ದುವನ್ನು ಬಡಿದು, ಬಗ್ಗಿಸಿ, ನಮ್ಮ ನಾಲಿಗೆಗೆ ಒಗ್ಗಿಸಿಕೊಂಡು ಕನ್ನಡ ಮಾಡಿಕೊಂಡವರು ನಮ್ಮ ಅಜ್ಜ ಅಜ್ಜಿಯರು. ನಮ್ಮಲ್ಲಿ ಬಸ್ಸು 'ಸ್ಥಗಿತ' ಆಗುವುದಿಲ್ಲ, ಬಂದ್ ಆಗುತ್ತದೆ. 'ಪುನರಾರಂಭ' ಆಗುವುದಿಲ್ಲ, ಚಾಲೂ ಆಗುತ್ತದೆ. 'ಎರಡು ಗಂಟೆಗಳ ವಿಳಂಬ' ಇಲ್ಲ, ಎರಡು ತಾಸು ತಡ. ಆಳಂದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಯಾರನ್ನಾದರೂ ಕೇಳಿ: "ಬಸ್ ಬಂದ್ ಅದರಿ" ಅನ್ನುತ್ತಾರೆ. ಲಂಬಾಣಿ ತಾಂಡಾದವಳಿಗೂ ತಿಳಿಯುತ್ತದೆ, ಮನೆಯಲ್ಲಿ ಉರ್ದು ಆಡುವವನಿಗೂ ತಿಳಿಯುತ್ತದೆ, ಮರಾಠಿ ಮನೆಯವನಿಗೂ ತಿಳಿಯುತ್ತದೆ. ಎಲ್ಲರಿಗೂ ತಿಳಿಯುವ ಕನ್ನಡ ಇರುವಾಗ ಯಾರಿಗೂ ತಿಳಿಯದ ಕನ್ನಡ ಯಾಕೆ ಬೇಕು? ಜನ ಓದಿ ತಿಳಿಯದೆ ಇಂಗ್ಲಿಷ್ ಗುಂಡಿ ಒತ್ತಿದರೆ, "ನೋಡಿ, ಕನ್ನಡ ಯಾರೂ ಬಳಸುವುದಿಲ್ಲ" ಅಂತ ಅದನ್ನೇ ಕಿತ್ತುಹಾಕುತ್ತಾರೆ. ಎಚ್ಚರ!

ಇನ್ನು ಊರ ಹೆಸರು. 2014ರ ನವೆಂಬರ್ 1ರಂದು ಗುಲ್ಬರ್ಗ ಹೋಗಿ ಕಲಬುರಗಿ ಬಂತು. ಹೊಸ ಹೆಸರು ಹಾಕಿ, ಆದರೆ ಹಳೆಯ ಹೆಸರಿನಿಂದ ಹುಡುಕಿದ ಮುದುಕನಿಗೂ ಬಸ್ಸು ಸಿಗಲಿ. ಇಂಗ್ಲಿಷಿನಲ್ಲಿ 'ಳ' ಇಲ್ಲ, ಆದ್ದರಿಂದ ಆಳಂದ 'ಅಲಂಡ್' ಆಗಿ, ಅಲ್ಲಿಂದ ಯಂತ್ರ ಮತ್ತೆ ಕನ್ನಡಕ್ಕೆ ತಂದರೆ ಯಾವ ಊರೋ ಆಗುತ್ತದೆ. ಊರ ಹೆಸರನ್ನು ಮೊದಲು ಕನ್ನಡದಲ್ಲಿ ಬರೆದಿಡಿ, ಇಂಗ್ಲಿಷ್ ಆಮೇಲೆ.

ಯಂತ್ರದ ಇನ್ನೊಂದು ಅವಾಂತರ ವಿಭಕ್ತಿಯದು. ಇಂಗ್ಲಿಷಿನಲ್ಲಿ ಊರ ಹೆಸರಿನ ಮುಂದೆ ಒಂದು ಪದ ಹಾಕಿದರೆ ಮುಗಿಯಿತು, ಹೆಸರು ಬದಲಾಗುವುದಿಲ್ಲ. ಕನ್ನಡ ಹಾಗಲ್ಲ. ಕಲಬುರಗಿಗೆ, ಆದರೆ ಆಳಂದಕ್ಕೆ. ಜೇವರ್ಗಿಯಿಂದ, ಆದರೆ ಅಫಜಲಪುರದಿಂದ. ಇದು ತಿಳಿಯದವನು ಇಂಗ್ಲಿಷ್ ಅಚ್ಚಿನಲ್ಲಿ ಕನ್ನಡ ಎರೆದರೆ "ಆಳಂದ ಗೆ", "ಜೇವರ್ಗಿ ಇಂದ" ಅಂತ ಹೊರಬರುತ್ತದೆ. ತಾಯಿಗೂ ಮಗುವಿಗೂ ನಡುವೆ ಗೋಡೆ ಕಟ್ಟಿದಂತೆ! ಪರಿಹಾರ ಸುಲಭ. ಪ್ರತಿ ಊರಿನ ಹೆಸರಿನ ಜೊತೆ ಅದರ ನಾಲ್ಕು ರೂಪಗಳನ್ನೂ ಒಮ್ಮೆ ಬರೆದಿಡಿ. ಅದೂ ಬೇಡವೆಂದರೆ "ಆಳಂದ–ಸೊಲ್ಲಾಪುರ" ಅಂತ ನಡುವೆ ಗೆರೆ ಎಳೆಯಿರಿ. ನಮ್ಮ ಬಸ್ಸಿನ ಬೋರ್ಡು ಬರೆಯುವವರು ಇದನ್ನು ಎಂದೋ ಕಂಡುಕೊಂಡಿದ್ದಾರೆ.

ಹೊತ್ತಿನ ಮಾತೂ ಹಾಗೆಯೇ. 'ಇಂದು', 'ನಾಳೆ' ಬೇಡ. ರಾತ್ರಿ ಹನ್ನೊಂದಕ್ಕೆ ಕಳಿಸಿದ 'ನಾಳೆ'ಯನ್ನು ಬೆಳಿಗ್ಗೆ ಐದಕ್ಕೆ ಓದಿದವನು ಇನ್ನೊಂದು ದಿನ ತಪ್ಪುತ್ತಾನೆ. ವಾರ ಹಾಕಿ, ತಾರೀಖು ಹಾಕಿ. '12 ಗಂಟೆ' ಅನ್ನುವ ಬದಲು ಮಧ್ಯಾಹ್ನವೋ ರಾತ್ರಿಯೋ ಹೇಳಿ. 'ಮುಂದಿನ ಆದೇಶದವರೆಗೆ' ಎಂಬುದನ್ನು ಸುಟ್ಟುಹಾಕಿ. ಯಾವಾಗ ಚಾಲೂ ಆಗುತ್ತದೆಂದು ತಿಳಿಯದಿದ್ದರೆ "ಸಂಜೆ 5ಕ್ಕೆ ಮತ್ತೆ ತಿಳಿಸುತ್ತೇವೆ" ಅನ್ನಿ. ಐದಕ್ಕೆ ತಿಳಿಸಿ. ಏನೂ ಬದಲಾಗಿಲ್ಲವೆಂದರೂ ತಿಳಿಸಿ.

ನೀರಿಗಿಂತ ಮೊದಲು ಮಾತು ಬರಲಿ

ಭೀಮೆಯ ಪ್ರವಾಹ ಭೂಕಂಪದ ಹಾಗೆ ತಟ್ಟನೆ ಬರುವುದಿಲ್ಲ. ಮೇಲೆ ಸೊಲ್ಲಾಪುರ ಜಿಲ್ಲೆಯ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಅದು ಇಳಿದು ನಮ್ಮ ಸೊನ್ನ ಬ್ಯಾರೇಜಿಗೆ ಬರಬೇಕು, ಅಲ್ಲಿಂದ ಮುಂದೆ ಕಟ್ಟಿಸಂಗಾವಿಗೆ. ಎಷ್ಟು ಕ್ಯೂಸೆಕ್ ಬಿಟ್ಟರು ಎಂಬ ಲೆಕ್ಕ ಅಧಿಕಾರಿಗಳಿಗೆ ಮೊದಲೇ ಸಿಗುತ್ತದೆ, ಪೇಪರಿನಲ್ಲೂ ಬರುತ್ತದೆ. ಸಾಮಾನ್ಯನಿಗೆ ಕ್ಯೂಸೆಕ್ ಕಟ್ಟಿಕೊಂಡು ಏನಾಗಬೇಕು? ಅವನಿಗೆ ಆ ಲೆಕ್ಕ ಬಸ್ಸಿನ ಭಾಷೆಗೆ ಇಳಿಯಬೇಕು: "ಎಚ್ಚರ: ಮಂಗಳವಾರ ಜೇವರ್ಗಿ–ಕಲಬುರಗಿ ಬಸ್ ಬಂದ್ ಆಗಬಹುದು. ದವಾಖಾನೆ, ಪರೀಕ್ಷೆ ಇದ್ದವರು ಸೋಮವಾರವೇ ಹೊರಡಿ." ಈ ಎರಡು ಸಾಲು ಒಂದು ದಿನ ಮೊದಲು ಬಂದರೆ ಅದೇ ನಿಜವಾದ ಸೇವೆ. ಸೇತುವೆ ಮುಚ್ಚಿದ ಮೇಲೆ ಬಂದರೆ, ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಬಂದ್ ಆದದ್ದನ್ನು ಹೇಳಿದವರು ಚಾಲೂ ಆದದ್ದನ್ನೂ ಹೇಳಬೇಕು. ನೀರು ಇಳಿದು ಬಸ್ಸು ಓಡುತ್ತಿದ್ದರೂ ಹಳೆಯ ಸೂಚನೆ ಫೋನಿನಲ್ಲಿ ಕೂತಿದ್ದರೆ ಅದು ಸುಳ್ಳು. ಒಮ್ಮೆ ಸುಳ್ಳಾದ ಸೂಚನೆಯನ್ನು ಮುಂದಿನ ಸಲ ಯಾರೂ ನಂಬುವುದಿಲ್ಲ.

'ತಾಂತ್ರಿಕ ಕಾರಣ' ಎಂಬ ಹಳೇ ನೆಪ

"ಕನ್ನಡದಲ್ಲಿ ಮಾಡಲು ತಾಂತ್ರಿಕ ತೊಂದರೆ ಇದೆ" ಅಂತ ಹೇಳುವವರಿದ್ದಾರೆ. ನಂಬಬೇಡಿ. ಬಸ್ಸು ರೈಲುಗಳ ಮಾಹಿತಿಯನ್ನು ಆ್ಯಪ್‌ಗಳಿಗೆ ಕೊಡಲು ಜಗತ್ತಿನ ಎಷ್ಟೋ ನಗರಗಳು ಬಳಸುವ ಜಿಟಿಎಫ್‌ಎಸ್ ಎಂಬ ನಮೂನೆ ಇದೆ. 2005ರ ಸುಮಾರಿಗೆ ಅಮೆರಿಕದ ಪೋರ್ಟ್‌ಲೆಂಡ್ ಊರಿನ ಸಾರಿಗೆಯವರೂ ಗೂಗಲ್‌ನವರೂ ಕೂಡಿ ಶುರುಮಾಡಿದ್ದು. ಬಸ್ಸು ನಿಂತಿತು, ದಾರಿ ಬದಲಾಯಿತು, ತಡವಾಯಿತು ಎಂಬ ಸೂಚನೆಗೂ ಅದರಲ್ಲಿ ನಮೂನೆ ಇದೆ. ನಮ್ಮ ರಸೀದಿ ಪುಸ್ತಕದ ಹಾಗೆ ಖಾಲಿ ಜಾಗ ಬಿಟ್ಟಿರುತ್ತಾರೆ: ಕಾರಣ ಏನು, ಪರಿಣಾಮ ಏನು, ಎಂದಿನಿಂದ ಎಂದಿನವರೆಗೆ, ಯಾವ ಮಾರ್ಗ, ಯಾವ ನಿಲ್ದಾಣ, ತಲೆಬರಹ, ವಿವರ. ತಲೆಬರಹ ಮತ್ತು ವಿವರವನ್ನು ಎಷ್ಟು ಭಾಷೆಯಲ್ಲಾದರೂ ತುಂಬಬಹುದು. ಕನ್ನಡಕ್ಕೂ ಅಲ್ಲಿ ಜಾಗ ಇದೆ. ತುಂಬದಿದ್ದರೆ ಅದು ಯಂತ್ರದ ದೋಷವಲ್ಲ, ಮನಸ್ಸಿನ ದೋಷ.

ಇನ್ನೊಂದು ತಮಾಷೆ. ಆ ನಮೂನೆಯ ಕಾರಣಗಳ ಪಟ್ಟಿಯಲ್ಲಿ ಮುಷ್ಕರ ಇದೆ, ಅಪಘಾತ ಇದೆ, ಹವಾಮಾನ ಇದೆ, ಪ್ರತಿಭಟನೆ ಇದೆ, ರಸ್ತೆ ಕಾಮಗಾರಿ ಇದೆ. 'ಅನಿವಾರ್ಯ ಕಾರಣ' ಮಾತ್ರ ಇಲ್ಲ! ಕಾರಣ ಹೇಳುವುದು ಉಪಕಾರವಲ್ಲ. ಅಪಘಾತ ಎಂದರೆ ಒಂದು ತಾಸು ಕಾಯೋಣ ಅನ್ನುತ್ತಾನೆ, ನೀರು ಎಂದರೆ ಮನೆಗೆ ಮರಳುತ್ತಾನೆ. ಕಾರಣ ಗೊತ್ತಾದರೆ ಜನ ತಮ್ಮ ದಾರಿ ತಾವೇ ಹುಡುಕಿಕೊಳ್ಳುತ್ತಾರೆ.

ಫೋನಿಲ್ಲದ ಅಕ್ಕನ ಪಾಡು?

ಆ್ಯಪ್ ಆ್ಯಪ್ ಎಂದು ಕೂಗುವಾಗ ಒಂದು ಮಾತು ಮರೆಯಬೇಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳು ಸರಕಾರಿ ಬಸ್ಸಿನಲ್ಲಿ ದುಡ್ಡು ಕೊಡದೆ ಓಡಾಡುತ್ತಿದ್ದಾರೆ. ಬೆಳಿಗ್ಗೆ ಹಳ್ಳಿಯಿಂದ ಬರುವ ಬಸ್ಸನ್ನು ನೋಡಿ, ಎಷ್ಟು ಜನ ಅಕ್ಕ ಅವ್ವಂದಿರ ಕೈಯಲ್ಲಿ ದೊಡ್ಡ ಫೋನಿದೆ? ಆದ್ದರಿಂದ ಆ್ಯಪಿನಲ್ಲಿ ಬಂದ ಮಾತೇ, ಅಕ್ಷರ ಬದಲಾಗದೆ, ಬಸ್‌ಸ್ಟ್ಯಾಂಡಿನ ಕರಿಹಲಗೆಯ ಮೇಲೆ ಬರಬೇಕು, ಮೈಕಿನಲ್ಲಿ ಕೇಳಬೇಕು, ಕಂಡಕ್ಟರನ ಬಾಯಲ್ಲಿ ಬರಬೇಕು. ಇದಕ್ಕೊಂದು ಪರೀಕ್ಷೆ ಇದೆ. ಸೂಚನೆಯನ್ನು ಗಟ್ಟಿಯಾಗಿ ಓದಿ. ಮೈಕಿನಲ್ಲಿ ಒಂದೇ ಉಸಿರಿನಲ್ಲಿ ಹೇಳಲು ಬಂದರೆ ಅದು ಕನ್ನಡ. ಉಸಿರು ಕಟ್ಟಿದರೆ ತಿದ್ದಿ.

ಗಡಿಯಾಚೆಗೂ ಒಂದು ಮಾತು. ಅಕ್ಕಲಕೋಟೆ, ದುಧನಿ, ಮೈಂದರ್ಗಿಗಳಲ್ಲಿ ಮನೆಯೊಳಗೆ ಕನ್ನಡ ಆಡುವ ನಮ್ಮವರಿದ್ದಾರೆ. ಅಲ್ಲಿಗೆ ಹೋಗುವ ನಮ್ಮ ಬಸ್ಸಿನ ಸೂಚನೆ ಮೊದಲು ಕನ್ನಡದಲ್ಲಿ, ಕೆಳಗೆ ಮರಾಠಿಯಲ್ಲಿ ಇರಲಿ. ಆ ಕಡೆಯ ಬಸ್ಸಿನವರೂ ಇಲ್ಲಿಗೆ ಬರುವಾಗ ಕನ್ನಡದಲ್ಲಿ ಹೇಳಲಿ. ಜಗಳದ ದಿನ ಕಲ್ಲು ತೂರುವವರು ಹತ್ತು ಮಂದಿ, ಬಸ್ಸು ಕಾಯುವವರು ಸಾವಿರ ಮಂದಿ. ನಾವು ಆ ಸಾವಿರದ ಕಡೆ.

ಈಗ ನಿಮ್ಮ ಸರದಿ

1963ರ ರಾಜಭಾಷಾ ಕಾನೂನು ಕನ್ನಡವನ್ನು ಈ ರಾಜ್ಯದ ಆಡಳಿತ ಭಾಷೆ ಎಂದಿದೆ. ಸರಕಾರಿ ಬಸ್ಸಿನ ಸೂಚನೆ ಆಡಳಿತದ ಮಾತೇ ತಾನೇ? ಕಾಗದದ ಮೇಲೆ ಬಂದರೂ ಅಷ್ಟೇ, ಗಾಜಿನ ಮೇಲೆ ಬಂದರೂ ಅಷ್ಟೇ.

ನಿಮ್ಮಲ್ಲಿ ಎಷ್ಟೋ ಜನ ಬೆಂಗಳೂರಿನ ಕಂಪನಿಗಳಲ್ಲಿ ಇಂಥ ಆ್ಯಪ್‌ಗಳನ್ನೇ ಕಟ್ಟುವವರು. ನಮ್ಮ ಮೂರು ತಾಲ್ಲೂಕಿನಿಂದ ಹೋದವರೂ ಇದ್ದೀರಿ. ನಿಮ್ಮ ಕೈಯಲ್ಲಾಗುವ ಕೆಲಸ ಮೂರಿವೆ.

ಮೊದಲನೆಯದು, ನಿಮ್ಮ ಫೋನಿನ ಸಾರಿಗೆ ಆ್ಯಪನ್ನು ಇವತ್ತೇ ಕನ್ನಡಕ್ಕೆ ತಿರುಗಿಸಿ. ತಪ್ಪು ಕಂಡಲ್ಲಿ ಚಿತ್ರ ತೆಗೆದು, ಸರಿಯಾದ ವಾಕ್ಯವನ್ನೂ ಬರೆದು ಆ ಸಂಸ್ಥೆಗೆ ಕಳಿಸಿ. ಬರೇ ಬೈದರೆ ಬುಟ್ಟಿಗೆ ಹೋಗುತ್ತದೆ, ತಿದ್ದಿ ಕೊಟ್ಟರೆ ಯಾರಾದರೂ ಹಾಕಿಯಾರು.

ಎರಡನೆಯದು, ಕಟ್ಟುವವರು ನೀವೇ ಆಗಿದ್ದರೆ ಸೂಚನೆಯನ್ನು ಕನ್ನಡದಲ್ಲಿ ಮೊದಲು ಬರೆಯಿರಿ, ಇಂಗ್ಲಿಷಿಗೆ ಆಮೇಲೆ ತನ್ನಿ. ನೀರು, ಮುಷ್ಕರ, ಅಪಘಾತ, ಜಾತ್ರೆ, ರಸ್ತೆ ಕೆಲಸ: ಇವಕ್ಕೆ ಇಪ್ಪತ್ತು ವಾಕ್ಯ ಸಿದ್ಧ ಮಾಡಿಟ್ಟರೆ ವರ್ಷದ ಬಹುಪಾಲು ಸೂಚನೆ ಮುಗಿಯಿತು. ಡಿಪೋದಲ್ಲಿ ಕೂತವನು ಊರು, ವಾರ, ಹೊತ್ತು ತುಂಬಿದರೆ ಸಾಕು.

ಮೂರನೆಯದು, ಸಾರಿಗೆ ಸಂಸ್ಥೆಗೆ ಅರ್ಜಿ ಹಾಕಿ: ಸೂಚನೆ ಹೊರಡುವ ಮುನ್ನ ಒಬ್ಬ ಕಂಡಕ್ಟರನಿಗೆ ಓದಿಸಿ. ದಿನವೂ ನೂರು ಜನಕ್ಕೆ "ಬಸ್ ಬಂದ್ ಅದ" ಎಂದು ಹೇಳುವವನಿಗಿಂತ ದೊಡ್ಡ ಕನ್ನಡ ಪಂಡಿತ ಈ ಕೆಲಸಕ್ಕೆ ಇನ್ನಾರಿದ್ದಾರೆ?

ಮಳೆಗಾಲ ಪ್ರತಿ ವರ್ಷ ಬರುತ್ತದೆ, ಭೀಮೆಯೂ ಏರುತ್ತಾಳೆ. ಮುಂದಿನ ಸಲ ಏರುವ ಮೊದಲು ಆ ಇಪ್ಪತ್ತು ವಾಕ್ಯ ಸಿದ್ಧವಾಗಿರಲಿ. ನಾಲ್ಕು ಜನ ಕೂತರೆ ಒಂದು ಭಾನುವಾರದ ಕೆಲಸ. ಬರೆದು ತನ್ನಿ, ಬಸ್‌ಸ್ಟ್ಯಾಂಡಿಗೆ ಅಂಟಿಸುವ ಪೋಸ್ಟರು ನಾನು ಹಾಕಿಕೊಡುತ್ತೇನೆ. ಕಾಗದದ ದುಡ್ಡೂ ಬೇಡ.